ಬೆಳ್ಳಗಿಂದು

ತಾಲ್ಲೂಕಿನ ಕನ್ನಡ ಮೇಷ್ಟ್ರುಗಳೆಲ್ಲ ಸೇರಿ ಹೊಳಲ್ಕೆರೆ ಸೀಮೆಯ ಆಡುಮಾತಿನ ಪದಗಳದ್ದೊಂದು ಪುಸ್ತಕ ತರಬೇಕು ಅಂತ ಹೊರಟಿದ್ದರು. ವಾಟ್ಸಾಪ್ ಗುಂಪಿಗೆ ಒಂದು ನಮೂನೆ ಬಂತು. ಪದ, ಬರೆಯುವ ರೀತಿ, ಅರ್ಥ, ಮೂಲ, ಬಳಕೆಯಲ್ಲಿರುವ ಊರು ಅಂತ ಐದು ಕಾಲಂ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ಕಾಲಂ ಖಾಲಿ ಬಿಟ್ಟವರಿಗೆ ಅರ್ಧ ಅಂಕವನ್ನೂ ಕೊಡದವಳು. ಹಾಗಾಗಿ ಐದನ್ನೂ ಶ್ರದ್ಧೆಯಿಂದ ತುಂಬಿದೆ. ಪದ ಬೆಳ್ಳಗಿಂದು, ಅರ್ಥ ಹಾಲು, ಮೂಲ ನಮ್ಮ ಅವ್ವ, ಊರು ತಾಳ್ಯದ ನಮ್ಮ ಮನೆ.

ಗುಂಪಿನ ಯಜಮಾನಿಕೆ ಮಾರುತೇಶ್ ಸರ್ ಅವರದು. ಅರ್ಧ ಗಂಟೆಯೊಳಗೆ ಉತ್ತರ ಕಳಿಸಿದರು. ಬೆಳ್ಳಗಿಂದು ಅಂದರೆ ಬೆಳ್ಳಗಿರುವುದು ಅಂತಷ್ಟೆ, ಅದರಲ್ಲಿ ವಿಶೇಷವೇನಿಲ್ಲ, ಒಂದೇ ಮನೆಯಲ್ಲಿ ಆಡುವ ಮಾತನ್ನು ಪದ ಅನ್ನಲಾಗುವುದಿಲ್ಲ ಮೇಡಂ, ಬೇರೆ ಏನಾದರೂ ಇದ್ದರೆ ಕಳಿಸಿ ಅಂತ. ಕೆಳಗೆ ಕೈಮುಗಿದ ಚಿತ್ರ ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು. ಉದ್ದಕ್ಕೆ ಏನೇನೋ ಬೈದು ಬರೆದೆ, ಕಳಿಸದೆ ಅಳಿಸಿದೆ. ಬೇರೆ ಪದ ಹುಡುಕುವ ಗೋಜಿಗೂ ಹೋಗಲಿಲ್ಲ. ಆ ಪುಸ್ತಕ ಏನಾಯಿತೋ ನನಗೆ ಗೊತ್ತಿಲ್ಲ. ಅವರು ಬೇಡ ಅಂದಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ, ಯಾಕೆಂದರೆ ಆ ಮಾತು ಈಗ ಆ ಒಂದು ಮನೆಯಲ್ಲೂ ಇಲ್ಲ.

ನಮ್ಮಪ್ಪನ ಹೆಸರು ಹಾಲಪ್ಪ. ಹೆಂಡತಿ ಗಂಡನ ಹೆಸರು ಹೇಳಬಾರದು ಅನ್ನುವುದು ನಮ್ಮ ಕಡೆ ಹಳೆಯ ಹೆಂಗಸರೆಲ್ಲ ಪಾಲಿಸಿಕೊಂಡು ಬಂದ ಪದ್ಧತಿ. ಬಹಳ ಜನ ಹೆಸರೊಂದನ್ನು ಬಿಟ್ಟು ಸುಮ್ಮನಾಗುತ್ತಿದ್ದರು. ಅವ್ವ ಹಾಗಲ್ಲ. ಆ ಹೆಸರಿನ ಒಂದು ಚೂರು ಕೂಡ ತನ್ನ ಬಾಯಿಂದ ಬೀಳಬಾರದು ಅಂತ ಹಟ. ಹಾಗಾದರೆ ಹಾಲು ಅನ್ನುವ ಹಾಗೂ ಇಲ್ಲವಲ್ಲ. ಕುರಿ, ಮೇಕೆ, ಎರಡು ಎಮ್ಮೆ ಇದ್ದ ಮನೆಗೆ ಸೊಸೆಯಾಗಿ ಬಂದವಳು ಹಾಲು ಅನ್ನದೆ ದಿನ ದೂಡುವುದು ಹೇಗೆ ಅಂತ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅವ್ವ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯವಳು, ಹೆಸರು ಈರಕ್ಕ. ಹದಿನೇಳಕ್ಕೆ ಮದುವೆಯಾಗಿ ತಾಳ್ಯಕ್ಕೆ ಬಂದಳು. ಬಂದ ವಾರದಲ್ಲೇ ಅವಳ ಅತ್ತೆ, ಅಂದರೆ ನಮ್ಮ ಕಾಳಕ್ಕಜ್ಜಿ, ಒಲೆಯ ಮೇಲೆ ಹಾಲಿಟ್ಟು ‘ನೋಡ್ಕ’ ಅಂತ ಹೇಳಿ ಕುರಿ ಕೂಡುವ ರೊಪ್ಪದ ಕಡೆ ಹೋದಳಂತೆ. ಹಾಲು ಉಕ್ಕತೊಡಗಿತು. ಸೌದೆ ಹಿಂದಕ್ಕೆ ಎಳೆಯಬೇಕು ಅನ್ನುವುದೂ ತೋಚದೆ ಹುಡುಗಿ ಬಾಗಿಲಿಗೆ ಓಡಿಬಂದಳು. ‘ಅತ್ತೇ, ಅದು... ಅದು...’ ಅಂತ ತೊದಲಿ ತೊದಲಿ, ಕೊನೆಗೆ ‘ಬೆಳ್ಳಗಿಂದು ಉಕ್ತೈತೆ, ಬರ್ರೀ!’ ಅಂತ ಕಿರುಚಿದಳು. ಅಂಗಳದಲ್ಲಿ ಕೂತು ಕುರಿ ಉಣ್ಣೆ ಕತ್ತರಿಸುತ್ತಿದ್ದ ಗಂಡಸರು ಬಿದ್ದು ಬಿದ್ದು ನಕ್ಕರು. ಅಪ್ಪನೂ ನಕ್ಕ. ಅವತ್ತಿನಿಂದ ನಮ್ಮ ಮನೆಯಲ್ಲಿ ಹಾಲು ಬೆಳ್ಳಗಿಂದಾಯಿತು.

ನಾನು ಹುಟ್ಟುವ ಹೊತ್ತಿಗೆ ಅದು ಹೊಸ ಮಾತಾಗಿ ಉಳಿದಿರಲಿಲ್ಲ. ಅಜ್ಜಿಯೂ ಹಾಗೇ ಅನ್ನುತ್ತಿದ್ದಳು, ನಾನೂ ಹಾಗೇ ಕಲಿತೆ. ಒಂದನೇ ಕ್ಲಾಸಿನಲ್ಲಿ ಬೋರಯ್ಯ ಮೇಷ್ಟ್ರು ಗೋಡೆಯ ಚಿತ್ರಪಟಕ್ಕೆ ಕೋಲಿಟ್ಟು ‘ಲೋಟದಾಗೆ ಏನೈತೆ?’ ಅಂತ ಕೇಳಿದರು. ನಾನು ಎದ್ದು ನಿಂತು ಜೋರಾಗಿ ‘ಬೆಳ್ಳಗಿಂದು’ ಅಂದೆ. ‘ಸುಣ್ಣಾನೂ ಬೆಳ್ಳಗೈತೆ, ಕುಡೀತೀಯೇನೇ?’ ಅಂತ ಬೆರಳ ಗಂಟಿನ ಮೇಲೆ ಒಂದು ಕೊಟ್ಟರು. ಆಮೇಲೆ ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರು ನೋಡಿ, ‘ಓ, ನೀನು ಈರಕ್ಕನ ಮಗಳಾ’ ಅಂತ ಅವರೇ ತಲೆ ಸವರಿದರು. ಅವತ್ತಿನಿಂದ ನಾನು ಶಾಲೆಗೆ ಒಂದು, ಮನೆಗೆ ಒಂದು ಅಂತ ಮಾಡಿಕೊಂಡೆ. ಬರೆಯುವಾಗ ಸೊನ್ನೆ ಹಾಕುವುದೋ, ನಕಾರಕ್ಕೆ ದಕಾರದ ಒತ್ತು ಕೊಡುವುದೋ ಅಂತ ಇವತ್ತಿಗೂ ನನಗೆ ಅನುಮಾನ. ನನಗಿಂತ ಮುಂಚೆ ಅದನ್ನು ಯಾರೂ ಬರೆದಿರಲೇ ಇಲ್ಲ.

ಅವ್ವನ ಹಟ ಹಾಲಿಗೇ ಮುಗಿಯಲಿಲ್ಲ. ಸಂಜೆ ತಾಳ್ಯಕ್ಕೆ ಬಂದು ಬೆಳಿಗ್ಗೆ ಹೊರಡುತ್ತಿದ್ದ ಹಾಲ್ಟಿಂಗ್ ಬಸ್ಸು ಅವಳ ಬಾಯಲ್ಲಿ ‘ಮಲಗೋ ಬಸ್ಸು’. ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟು ‘ಬೆಳ್ಳಗಿನ್ ಟಿಕೇಟು’. ಅಪ್ಪ ಬೇಕಂತಲೇ ಕಾಡುತ್ತಿದ್ದ. ‘ಏನ್ ಟಿಕೇಟು? ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು’ ಅನ್ನುತ್ತಿದ್ದ. ಅವ್ವ ಮುದ್ದೆ ಕೋಲು ಎತ್ತಿ ತೋರಿಸುತ್ತಿದ್ದಳು. ಕಾಲೇಜು ಸೇರಿದ ಮೇಲೆ ನನಗೆ ತಲೆ ತಿರುಗಿತ್ತು. ‘ಇದೆಲ್ಲ ಗುಲಾಮಗಿರಿ ಅವ್ವಾ, ಅವನೇನು ನಿನ್ ಹೆಸ್ರು ಹೇಳದೆ ಬಿಡ್ತಾನಾ?’ ಅಂತ ಭಾಷಣ ಹೊಡೆದೆ. ‘ನಿನ್ ಮಾತು ನಿಂಗೆ, ನನ್ ಮಾತು ನಂಗೆ’ ಅಂದಳು, ಅಷ್ಟೇ.

ಅಪ್ಪ ಭಾರೀ ಒಳ್ಳೆಯ ಗಂಡ ಅಂತ ನಾನು ಹೇಳುತ್ತಿಲ್ಲ. ವರ್ಷದಲ್ಲಿ ಐದಾರು ತಿಂಗಳು ಮಂದೆ ಹೊಡೆದುಕೊಂಡು ಊರೂರು ತಿರುಗುವವನು, ಮನೆಗೆ ಬಂದರೆ ಮೂಗಿನ ತುದಿಯಲ್ಲಿ ಕೋಪ. ಒಮ್ಮೆ ಜಗಳವಾಗಿ ಇಬ್ಬರೂ ಒಂದು ತಿಂಗಳು ಮಾತು ಬಿಟ್ಟಿದ್ದರು. ಆ ತಿಂಗಳೂ ಅವ್ವ ನನ್ನ ಕೈಗೆ ಲೋಟ ಕೊಟ್ಟು ‘ಬೆಳ್ಳಗಿಂದು ಕೊಡು ನಿಮ್ಮಪ್ಪಂಗೆ’ ಅನ್ನುತ್ತಿದ್ದಳು. ಆ ಹೆಸರಿನ ಮೇಲೆ ಮಾತ್ರ ಅವಳಿಗೆ ಸಿಟ್ಟು ಬರಲಿಲ್ಲ.

ಮೂರು ವರ್ಷದ ಹಿಂದೆ ಅವ್ವನಿಗೆ ಮರೆವು ಶುರುವಾಯಿತು. ಮೊದಲು ಉಪ್ಪು ಎರಡು ಸಲ, ಆಮೇಲೆ ಉಪ್ಪೇ ಇಲ್ಲ. ಮುದ್ದೆಗೆ ಎಸರಿಟ್ಟು ಹಿಟ್ಟು ಹಾಕುವುದನ್ನು ಮರೆತು ನೀರೆಲ್ಲ ಇಂಗಿ ಪಾತ್ರೆ ಸುಟ್ಟಳು. ನಾನು ಇಬ್ಬರನ್ನೂ ಹೊಳಲ್ಕೆರೆಗೆ ಕರೆತಂದೆ. ನಮ್ಮ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದೆ. ನನ್ನ ಗಂಡ ಜಯಕುಮಾರ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಪ್ಪ ಕುರಿಗಳನ್ನು ತನ್ನ ತಮ್ಮನ ಮಗ ದುರುಗೇಶನಿಗೆ ಒಪ್ಪಿಸಿ, ತಾನು ಬರುವುದಿಲ್ಲ ಬರುವುದಿಲ್ಲ ಅನ್ನುತ್ತಲೇ ಬಂದ.

ಹೊಸ ಮನೆಯಲ್ಲಿ ಅವ್ವ ಇನ್ನೂ ಬೇಗ ಜಾರಿದಳು. ಬೆಳಿಗ್ಗೆ ಎದ್ದು ಹಿತ್ತಲಲ್ಲಿ ಕುರಿ ರೊಪ್ಪ ಹುಡುಕುತ್ತಿದ್ದಳು. ಒಂದು ದಿನ ಹೊಸದುರ್ಗದ ಬಸ್ಸು ಹತ್ತಿ ಕೂತುಬಿಟ್ಟಿದ್ದಾಳೆ. ಕಂಡಕ್ಟರ್ ನಿಂಗಪ್ಪ ಟಿಕೆಟ್ ಕೇಳಿದರೆ ‘ಯಲ್ಲದಕೆರೆ, ನಮ್ಮಪ್ಪನ ಮನಿಗೆ’ ಅಂದಳಂತೆ. ಅವಳ ಸೆರಗಿನ ತುದಿಗೆ ನಾನು ಫೋನ್ ನಂಬರಿನ ಚೀಟಿ ಹೊಲಿದಿದ್ದೆ, ಅದನ್ನು ನೋಡಿ ಅವನು ಫೋನ್ ಮಾಡಿದ, ಹೊಸದುರ್ಗದಿಂದ ಅದೇ ಬಸ್ಸಿನಲ್ಲಿ ವಾಪಸ್ ಬಂದಳು. ಆ ಬೇಸಿಗೆಯಲ್ಲೇ ನನ್ನನ್ನೂ ಮರೆತಳು. ಶಾಲೆಯಿಂದ ಬಂದು ಬ್ಯಾಗು ಇಳಿಸಿದರೆ ‘ಬರ್ರಿ ಟೀಚರೇ, ಕುಂತ್ಕಳ್ರಿ’ ಅಂತ ಬಹುವಚನದಲ್ಲಿ ಕರೆದಳು. ನಾನು ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅವಳಿಗಿರುವ ಒಬ್ಬಳೇ ಮಗಳು ನಾನು, ದೇವಿಕಾ ಅನ್ನುವ ಹೆಸರನ್ನು ಆಸೆಪಟ್ಟು ಇಟ್ಟವಳೂ ಅವಳೇ.

ನನ್ನನ್ನು ಮರೆತ ಮೇಲೆ ಅಪ್ಪನಿಗೆ ಹೆದರಿಕೆ ಹತ್ತಿತು. ಮುಂದಿನ ಸರದಿ ತನ್ನದೇ ಅಂತ ಅವನಿಗೆ ಗೊತ್ತು. ಅವಳಾಗಿ ಅವನ ಜೊತೆ ಮಾತಾಡುವುದು ಕಮ್ಮಿಯಾಗಿತ್ತು. ಅವನು ಪಕ್ಕದಲ್ಲಿ ಕೂತರೆ ಸುಮ್ಮನೆ ಕೂತಿರುತ್ತಿದ್ದಳು. ಗುರುತು ಇದೆಯೋ ಇಲ್ಲವೋ ಮುಖ ನೋಡಿ ಹೇಳಲಾಗುತ್ತಿರಲಿಲ್ಲ. ‘ನಾನ್ಯಾರು ಹೇಳು’ ಅಂತ ಕೇಳಲು ಅವನಿಗೆ ಧೈರ್ಯವಿಲ್ಲ. ಕೇಳಿದರೂ ಅವಳು ಯಾವತ್ತು ಹೆಸರು ಹೇಳಿದ್ದಾಳೆ?

ಆಗ ಅವನೇ ಒಂದು ದಾರಿ ಕಂಡುಕೊಂಡ. ಜೀವನದಲ್ಲಿ ಒಂದು ದಿನವೂ ಅಡುಗೆಮನೆಗೆ ಕಾಲಿಡದವನು ಬೆಳಿಗ್ಗೆ ತಾನೇ ಹಾಲು ಬಿಸಿ ಮಾಡಿ, ಲೋಟಕ್ಕೆ ಬಗ್ಗಿಸಿಕೊಂಡು ಹೋಗಿ ಅವಳ ಮುಂದೆ ಹಿಡಿಯುತ್ತಿದ್ದ. ‘ಏನೇ ಇದು?’ ಅನ್ನುತ್ತಿದ್ದ. ಅವ್ವ ಲೋಟ ನೋಡಿ, ಸೆರಗು ಸರಿಮಾಡಿಕೊಂಡು, ಮುಖ ಸ್ವಲ್ಪ ಆಚೆ ತಿರುಗಿಸಿ ‘ಬೆಳ್ಳಗಿಂದು’ ಅನ್ನುತ್ತಿದ್ದಳು. ಅಪ್ಪ ವಾಪಸ್ ಬಂದು ನನ್ನ ಕಿವಿಯ ಹತ್ತಿರ ‘ಇವತ್ತೂ ಅಂದ್ಲು’ ಅನ್ನುತ್ತಿದ್ದ. ಹಾಲು ಅನ್ನಲಿಲ್ಲ ಅಂದರೆ ತನ್ನ ಗಂಡ ಯಾರು ಅಂತ ಅವಳಿಗೆ ಇನ್ನೂ ಗೊತ್ತಿದೆ. ಅವನ ಲೆಕ್ಕ ಅಷ್ಟೇ. ಆ ಒಂದು ಮಾತು ಕೇಳಿಸಿಕೊಂಡು ಅವನು ಇಡೀ ದಿನ ಕಳೆಯುತ್ತಿದ್ದ.

ಚಿತ್ರದುರ್ಗದ ಒಂದು ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋದೆವು. ಡಾಕ್ಟರ್ ಶಾಲಿನಿ ಅಂತ, ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯವಳು. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿ ಇದೇನು ಅದೇನು ಅಂತ ಕೇಳಿ ಅಂಕ ಹಾಕುತ್ತಾ ಹೋದಳು. ಕುರಿ ಚಿತ್ರಕ್ಕೆ ಅವ್ವ ‘ಕುರಿ’ ಅಂದು, ‘ಮೂರು ತಿಂಗ್ಳ ಗಬ್ಬ’ ಅಂತಲೂ ಸೇರಿಸಿದಳು. ಕೊಡೆಗೆ ಉತ್ತರವಿಲ್ಲ. ಹಾಲಿನ ಲೋಟದ ಚಿತ್ರ ಬಂತು. ‘ಬೆಳ್ಳಗಿಂದು’ ಅಂದಳು. ಡಾಕ್ಟರು ಒಂದು ನಿಮಿಷ ಕಾದು ತಪ್ಪು ಅಂತ ಗುರುತು ಹಾಕಿದಳು. ‘ನಿಮ್ಮ ಯಜಮಾನರ ಹೆಸರೇನಮ್ಮ?’ ಅಂದಾಗ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಅದಕ್ಕೂ ತಪ್ಪು.

ಅಪ್ಪನ ಮುಖ ಅರಳಿಬಿಟ್ಟಿತ್ತು. ‘ಎರಡೂ ಸರಿಯಾಗೇ ಹೇಳವ್ಳೆ ಕಣ್ರಿ ಡಾಕ್ಟ್ರಮ್ಮ!’ ಅಂದ. ನಾನು ಎಲ್ಲವನ್ನೂ ವಿವರಿಸಿ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು. ‘ಅರ್ಥ ಆಗುತ್ತೆ ಮೇಡಂ. ಆದರೆ ಇದರಲ್ಲಿ ಹಾಗೆ ಬರೆಯೋಕೆ ಜಾಗ ಇಲ್ಲ’ ಅಂದಳು. ಮೂವತ್ತಕ್ಕೆ ಹನ್ನೊಂದು ಬಂತು. ಮರೆವಿಗೆ ಒಂದು ಮಾತ್ರೆ ಬರೆದುಕೊಟ್ಟು, ಆರು ತಿಂಗಳು ಬಿಟ್ಟು ಬನ್ನಿ, ಆಗ ಇದಕ್ಕಿಂತ ಇಳಿದಿದ್ದರೆ ಈ ಮಾತ್ರೆಯಿಂದ ಪ್ರಯೋಜನವಿಲ್ಲ, ನಿಲ್ಲಿಸೋಣ ಅಂದಳು.

ನಿಲ್ಲಿಸೋಣ ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಪ್ಪತ್ತು ವರ್ಷ ಮಕ್ಕಳನ್ನು ಪಾಸು ಮಾಡಿಸಿದವಳು ನಾನು. ಬೇರೆ ವಿಷಯ ಹೋಗಲಿ, ಹಾಲು ಅಂದರೆ ಒಂದು ಅಂಕ, ಅಪ್ಪನ ಹೆಸರು ಹೇಳಿದರೆ ಇನ್ನೊಂದು. ಅಂಗಡಿಯಿಂದ ಚಿತ್ರದ ಕಾರ್ಡು ತಂದೆ. ದಿನಾ ಸಂಜೆ ಅವ್ವನ ಮುಂದೆ ಕೂತು ‘ಇದು ಹಾ... ಹಾ... ಏನಿದು, ಹಾ...’ ಅಂತ ಕೊರೆಯುತ್ತಿದ್ದೆ. ಅವ್ವ ಮೊದಮೊದಲು ‘ಬೆಳ್ಳಗಿಂದು’ ಅನ್ನುತ್ತಿದ್ದವಳು ಆಮೇಲೆ ಬಾಯಿಯನ್ನೇ ಬಿಗಿದುಕೊಂಡಳು. ನಾನು ಬಿಡಲಿಲ್ಲ. ಒಂದು ಸಂಜೆ ಅವಳ ಕಣ್ಣಲ್ಲಿ ನೀರು ಬಂತು, ಆಗಲೂ ಕಾರ್ಡು ಕೆಳಗಿಡಲಿಲ್ಲ. ನನ್ನ ಬಗ್ಗೆ ನನಗೆ ಈಗ ಅಸಹ್ಯವಾಗುತ್ತದೆ.

ಅಪ್ಪ ಒಳಗಿಂದ ಎದ್ದು ಬಂದ. ‘ಬಿಡೇ ಅವ್ಳನ್ನ! ಉಳಿದಿರಾದು ಅದೊಂದೇ. ಅದನ್ನೂ ಕಿತ್ಕಂತೀಯಾ?’ ಅಂತ ಗುಡುಗಿದ.

‘ಮೂವತ್ತಕ್ಕೆ ಹನ್ನೊಂದು ಕೊಟ್ಟವ್ರೆ ಅಪ್ಪಾ, ಮಾತ್ರೆ ನಿಲ್ಲಿಸ್ತಾರಂತೆ!’

‘ನಿನ್ ನಂಬರ್ ತಗಂಡೋಗಿ ಕೆರೆಗಾಕು.’

ಮೂರು ವಾರಕ್ಕೆ ನಾನು ಸೋತೆ. ಕಾರ್ಡುಗಳನ್ನು ಬೀರುವಿನ ಮೇಲಕ್ಕೆ ಎಸೆದೆ. ಅದು ಸೆಪ್ಟೆಂಬರಿನಲ್ಲಿ. ಆಮೇಲೆ ಐದು ತಿಂಗಳು ನಾನು ಅವ್ವನ ಮುಂದೆ ಹಾಲು ಅನ್ನುವ ಮಾತನ್ನೇ ಎತ್ತಲಿಲ್ಲ. ಅಪ್ಪ ಮಾತ್ರ ತನ್ನ ಲೋಟ ಬಿಡಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ಅವ್ವ ಕೂದಲನ್ನು ಎರಡು ಜಡೆ ಮಾಡಿಸಿಕೊಳ್ಳುತ್ತಿದ್ದಳು. ಬೆಳ್ಳಗಾದ ಆ ನಾಲ್ಕು ಎಳೆಗೆ ಎರಡು ರಿಬ್ಬನ್ನು. ‘ನಮ್ಮಪ್ಪ ಬಂದ್ನಾ?’ ಅಂತ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಅವಳಪ್ಪ ಕೆಂಚಣ್ಣ ತೀರಿಕೊಂಡು ಮೂವತ್ತು ವರ್ಷವಾಗಿದೆ. ಇನ್ನೂ ಬಂದಿಲ್ಲ ಅಂತ ನಾವೆಲ್ಲ ಹೇಳುತ್ತಿದ್ದೆವು. ಆಗ ಮಂಕಾಗಿ ಕೂರುತ್ತಿದ್ದಳು. ಎರಡನೇ ಸಲ ಚಿತ್ರದುರ್ಗಕ್ಕೆ ಹೋಗುವ ಹಿಂದಿನ ಎರಡು ದಿನ ಅಪ್ಪನ ಲೋಟಕ್ಕೂ ಉತ್ತರ ಕೊಡಲಿಲ್ಲ, ಸುಮ್ಮನೆ ತೆಗೆದುಕೊಂಡು ಕುಡಿದಳು. ‘ನಿದ್ದೆಗಣ್ಣು’ ಅಂದ ಅಪ್ಪ. ನಾನೂ ಹೂಂ ಅಂದೆ.

ಆಸ್ಪತ್ರೆಯಲ್ಲಿ ಅದೇ ಕುರ್ಚಿ, ಅದೇ ಡಾಕ್ಟರು, ಅದೇ ಕಾರ್ಡುಗಳು. ಅವ್ವ ಕುರಿಯನ್ನು ಹೇಳಿದಳು. ಕೊಡೆ, ಗಡಿಯಾರ, ಬೀಗ ಯಾವುದೂ ಗೊತ್ತಾಗಲಿಲ್ಲ. ಹಾಲಿನ ಲೋಟ ಬಂತು. ಅಪ್ಪ ಮುಂದಕ್ಕೆ ಬಗ್ಗಿ ಕೂತ.

‘ಹಾಲು’ ಅಂದಳು ಅವ್ವ.

ಒಂದು ಚೂರೂ ತಡವರಿಸಲಿಲ್ಲ. ಸೆರಗು ಮುಟ್ಟಲಿಲ್ಲ, ಮುಖ ತಿರುಗಿಸಲಿಲ್ಲ. ಯಾರು ಬೇಕಾದರೂ ಅನ್ನುವ ಹಾಗೆ ಅಂದಳು. ನನ್ನ ನಲವತ್ತಾರು ವರ್ಷದಲ್ಲಿ ಅವ್ವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

‘ನೋಡಿ, ಹೋದ ಸಲ ಇದನ್ನ ಹೇಳಿರಲಿಲ್ಲ’ ಅಂತ ಡಾಕ್ಟರು ಹಳೆಯ ಹಾಳೆ ತಿರುವಿ ಸರಿ ಗುರುತು ಹಾಕಿದಳು. ಹಾಕಿದ ಮೇಲೆ ನಾನು ಹೋದ ಸಲ ಹೇಳಿದ್ದು ನೆನಪಾಗಿರಬೇಕು, ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದಳು. ಯಜಮಾನರ ಹೆಸರು ಕೇಳಿದಾಗ ಅವ್ವ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ‘ಹೆಸ್ರು ಹೇಳ್ಲಿಲ್ಲ ನೋಡ್ರಿ, ಹೇಳ್ಲಿಲ್ಲ!’ ಅಂದ ಅಪ್ಪ. ಅವನ ದನಿ ಬಿದ್ದುಹೋಗಿತ್ತು. ಮೂವತ್ತಕ್ಕೆ ಆರು. ಮಾತ್ರೆ ನಿಂತಿತು.

ಹೊಳಲ್ಕೆರೆಗೆ ಬರುವ ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕೂತು ನಿದ್ದೆ ಹೋದಳು. ಅಪ್ಪ ಅವಳಾಚೆಯಿಂದ ನನ್ನ ಕಡೆ ಬಗ್ಗಿದ.

‘ನೀನ್ ಹೇಳ್ಕೊಟ್ಟಿದ್ದಲ್ವೇನೇ ಅದನ್ನ? ಆ ಕಾರ್ಡು ಹಿಡ್ಕಂಡು ದಿನಾ ಹೇಳ್ಕೊಡ್ತಿದ್ದೆ.’

ನನಗೆ ಅರ್ಥವಾಯಿತು. ಹೌದು ಅಂದರೆ ಅವಳು ಮರೆತಿಲ್ಲ, ಮಗಳ ಕಾಟಕ್ಕೆ ಕಲಿತಿದ್ದಾಳೆ. ಇಲ್ಲ ಅಂದರೆ ಐವತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸಿನ ತಲೆಯಲ್ಲಿ ಅವನಿಲ್ಲ. ಕಾರ್ಡು ಎಸೆದು ಐದು ತಿಂಗಳಾಗಿತ್ತು. ಇವತ್ತು ಬೆಳಿಗ್ಗೆ ಏನು ತಿಂದೆ ಅನ್ನುವುದೇ ಅವಳಿಗೆ ನೆನಪಿರುವುದಿಲ್ಲ, ನನ್ನ ಪಾಠ ಎಲ್ಲಿ ನೆನಪಿರುತ್ತದೆ?

‘ಹೂಂ ಅಪ್ಪಾ. ನಾನೇ ಹೇಳಿಕೊಟ್ಟಿದ್ದು. ಈಗಲೂ ಹೇಳಿಕೊಡ್ತಿದ್ದೆ, ನಿಂಗೆ ಗೊತ್ತಿಲ್ದಂಗೆ’ ಅಂದೆ.

‘ಥೂ ನಿನ್ನ’ ಅಂದ. ಮುಖ ತಿರುಗಿಸಿ ಕೂತವನು ಊರು ಬರುವವರೆಗೂ ಮಾತಾಡಲಿಲ್ಲ. ಅವನ ಕೋಪ ನೋಡಿ ನನಗೆ ಸಮಾಧಾನವಾಯಿತು ಅಂದರೆ ನೀವು ನಂಬಬೇಕು.

ನಾಲ್ಕು ದಿನ ನನ್ನ ಮುಖ ನೋಡಲಿಲ್ಲ. ನಾನು ಬಡಿಸಿದರೆ ಊಟಕ್ಕೆ ಕೂರಲಿಲ್ಲ, ಜಯಕುಮಾರ್ ಬಡಿಸಬೇಕು. ಆದರೆ ಬೆಳಿಗ್ಗೆ ಎದ್ದು ಹಾಲು ಕಾಯಿಸುವುದನ್ನು ತಪ್ಪಿಸಲಿಲ್ಲ. ಈಗ ಪರೀಕ್ಷೆ ಹೋಗಿ ಪಾಠ ಶುರುವಾಗಿತ್ತು. ‘ನಿನ್ ಮಗಳು ನಿನ್ನ ಕೆಡಿಸಿದ್ಲು ಕಣೇ ಈರೀ. ಹಾಲಲ್ಲ ಇದು. ಬೆಳ್ಳಗಿಂದು ಅನ್ನು’ ಅನ್ನುತ್ತಿದ್ದ. ಅವ್ವ ಲೋಟ ತೆಗೆದುಕೊಂಡು ಕುಡಿಯುತ್ತಿದ್ದಳು. ‘ಅನ್ನೇ, ಒಂದ್ಸಲ ಅನ್ನು’ ಅಂತ ಅವನು ಕುಕ್ಕುರುಗಾಲಲ್ಲಿ ಕೂತು ಕೇಳುತ್ತಿದ್ದ. ನಾನು ಸೆಪ್ಟೆಂಬರಿನಲ್ಲಿ ಕೂತಿದ್ದೆನಲ್ಲ, ಅದೇ ಜಾಗದಲ್ಲಿ.

ಐದನೇ ದಿನ ಭಾನುವಾರ. ಜಯಕುಮಾರ್ ಡ್ಯೂಟಿಗೆ ಹೋಗಿದ್ದರು. ನಾನು ನಡುಮನೆಯಲ್ಲಿ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದೆ. ಅವ್ವ ಬಾಗಿಲ ಪಕ್ಕದ ಚಾಪೆಯ ಮೇಲಿದ್ದಳು, ಬಿಸಿಲು ಅವಳ ಕಾಲಿನ ಮೇಲೆ ಬಿದ್ದಿತ್ತು. ಅಪ್ಪ ಲೋಟ ತಂದು ಮುಂದೆ ಕೂತ.

‘ಏನಿದು?’

‘ಹಾಲು.’

‘ಹಂಗನ್ಬಾರ್ದು. ಬೆಳ್ಳಗಿಂದು. ನೀನೇ ಮಾಡಿದ್ ಮಾತಲ್ವೇನೇ ಅದು.’

ಅವ್ವ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ‘ಹಾಲಿಗೆ ಯಾರಾನ ಹಂಗಂತಾರಾ? ನೀವು ಯಾವ ಕಡೆಯೋರು?’

ಅಪ್ಪ ಲೋಟವನ್ನು ನೆಲದ ಮೇಲಿಟ್ಟ. ನನ್ನ ಕಡೆ ಒಂದು ಸಲ ನೋಡಿದ. ನಾಲ್ಕು ದಿನದ ಮೇಲೆ ಅದೇ ಮೊದಲು ನೋಡಿದ್ದು, ಕೋಪದಿಂದಲ್ಲ. ನನ್ನ ಸುಳ್ಳು ಅವನಿಗೆ ಬಸ್ಸಿನಲ್ಲೇ ಗೊತ್ತಾಗಿತ್ತು ಅಂತ ನನಗೆ ಆಗ ತಿಳಿಯಿತು. ಅವನಿಗೆ ಆ ಸುಳ್ಳು ಬೇಕಾಗಿತ್ತು, ಇಟ್ಟುಕೊಂಡಿದ್ದ. ಆಮೇಲೆ ಡಾಕ್ಟರು ಕೇಳಿದ ಪ್ರಶ್ನೆಯನ್ನು, ಇಷ್ಟು ದಿನ ತಾನು ಕೇಳಲು ಹೆದರಿದ್ದ ಪ್ರಶ್ನೆಯನ್ನು ಅವನೇ ಕೇಳಿದ.

‘ನಿನ್ ಗಂಡನ ಹೆಸ್ರೇನು?’

ಅವ್ವ ತಲೆ ತಗ್ಗಿಸಿ ಜಡೆಯ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡಳು. ನಾಚಿಕೊಂಡಿದ್ದಳು. ‘ನಂಗಿನ್ನೂ ಮದ್ವೆ ಆಗಿಲ್ಲ. ಆ ವಿಷ್ಯ ಎಲ್ಲ ನಮ್ಮಪ್ಪನ್ ಕೇಳ್ರಿ’ ಅಂದಳು. ಆಮೇಲೆ, ಮನೆಗೆ ಬಂದವರಿಗೆ ಹಾಗೆ ಹೇಳಿದ್ದು ಮರ್ಯಾದೆಯಲ್ಲ ಅನ್ನಿಸಿತೋ ಏನೋ, ‘ಯಾರ್ ಬಂದವ್ರೆ ಅಂತ ಹೇಳ್ಲಿ?’ ಅಂತ ಕೇಳಿದಳು.

ಅಪ್ಪ ನೆಲದ ಮೇಲಿನ ಲೋಟವನ್ನು ಗೋಡೆ ಕಡೆ ಸರಿಸಿದ.

‘ಹಾಲಪ್ಪ’ ಅಂದ. ‘ತಾಳ್ಯದ ಹಾಲಪ್ಪ ಅಂತ ಹೇಳು.’

ಅವ್ವ ಗೋಡೆ ಹಿಡಿದು ಎದ್ದು, ಹಿತ್ತಲ ಬಾಗಿಲಿಗೆ ಹೋಗಿ ಆಚೆ ಮುಖ ಮಾಡಿ ಕೂಗಿದಳು. ‘ಅಪ್ಪಾ, ತಾಳ್ಯದಿಂದ ಹಾಲಪ್ಪ ಅಂಬೋರು ಬಂದವ್ರೆ!’ ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ. ಹೆಸರು ಅವಳ ಬಾಯಿಂದ ಸಲೀಸಾಗಿ ಬಂತು. ಎಷ್ಟೋ ವರ್ಷ ಬೀಗ ಹಾಕಿಟ್ಟಿದ್ದು ಅಂತ ಹೊಸಬರಿಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಕೂತಿದ್ದ.

ಯಾರೂ ಓಗೊಡಲಿಲ್ಲ. ಹಿತ್ತಲಲ್ಲಿ ಒಗೆಯುವ ಕಲ್ಲು, ತಂತಿಯ ಮೇಲೆ ನನ್ನ ಸೀರೆ, ಅಷ್ಟೇ ಇದ್ದದ್ದು. ಅವ್ವ ವಾಪಸ್ ಬಂದಳು.

‘ನಮ್ಮಪ್ಪ ಇಲ್ಲ ಹಾಲಪ್ಪಾರೇ. ಮಂದೆ ಹಿಂದೆ ಹೋಗಿರಬೇಕು. ಮನೇಲಿ ಗಂಡಸ್ರು ಯಾರೂ ಇಲ್ಲ, ನೀವು ಹಿಂಗೆ ಕುಂತ್ರೆ ಚೆಂದಾಗಿರಲ್ಲ. ಇನ್ನೊಂದಿನ ಬರ್ರಿ.’

‘ಆತು’ ಅಂದ ಅಪ್ಪ. ‘ಬರ್ತೀನಿ.’

ನೆಲಕ್ಕೆ ಕೈಯೂರಿ ಎದ್ದ. ಟವೆಲ್ ಹೆಗಲಿಗೆ ಹಾಕಿಕೊಂಡ. ‘ಅಪ್ಪಾ, ಕೂತ್ಕೊ’ ಅಂದೆ ನಾನು, ಅವನು ಕೇಳಿಸಿಕೊಳ್ಳಲಿಲ್ಲ. ಮೆಟ್ಟಿಲ ಮೇಲಿದ್ದ ಚಪ್ಪಲಿ ಮೆಟ್ಟಿಕೊಂಡು ಆಚೆ ಹೋದ. ಅವ್ವ ಅವನ ಬೆನ್ನ ಹಿಂದೆ ಬಾಗಿಲು ಮುಂದಕ್ಕೆ ತಳ್ಳಿ ಚಿಲಕ ಹಾಕಿದಳು.

ನಾನು ಎದ್ದು ಚಿಲಕಕ್ಕೆ ಕೈ ಹಾಕಿದೆ. ಅವ್ವ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಅವಳಲ್ಲಿ ಅಷ್ಟು ಬಲ ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ.

‘ಬ್ಯಾಡ ಟೀಚರೇ’ ಅಂತ ಪಿಸುಗುಟ್ಟಿದಳು. ‘ಅವ್ರು ಇನ್ನೂ ಅಲ್ಲೇ ನಿಂತವ್ರೆ.’